ಪ್ರಶ್ನೋತ್ತರ: ಶುಂಠಿ ಬಿಯರ್ ಬಾಟಲಿ ಬದಲಾಯಿಸಿಕೊಳ್ಳುತ್ತೇವೆ, ನಿಜವಾದ ರುಚಿ ಹೇಳುವುದು ಹೇಗೆ?

ಪ್ರಶ್ನೆ (ಶಿರಸಿಯಿಂದ)

ನಮಸ್ಕಾರ ಅಣ್ಣ. ನೀವು ಬೆಂಗಳೂರಿನ ಬ್ರೂವರಿಯಲ್ಲಿ 11 ವರ್ಷ ಬಿಯರ್ ಮಾಡಿದವರು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ನಾವು ಏಳು ಜನ ಮನೆಯಲ್ಲಿ ಶುಂಠಿ ಬಿಯರ್ ಮಾಡುತ್ತೇವೆ. ಹೆಸರಿಗೆ ಬಿಯರ್, ಒಳಗಿರುವುದು ಶುಂಠಿ, ಸಕ್ಕರೆ, ನಿಂಬೆರಸ ಅಷ್ಟೇ. ಒಬ್ಬಿಬ್ಬರು ಮುರುಗಲು (ಕೋಕಂ) ಹಾಕುತ್ತಾರೆ. ಶಿರಸಿಯಲ್ಲಿ ನಾಲ್ಕು ಮನೆ, ಕುಮಟಾದಲ್ಲಿ ಎರಡು, ಕಾರವಾರದಲ್ಲಿ ಒಂದು. ತಿಂಗಳಿಗೊಮ್ಮೆ ಯಾರದ್ದಾದರೂ ಮನೆಯಲ್ಲಿ ಸೇರಿ ಬಾಟಲಿ ಬದಲಾಯಿಸಿಕೊಂಡು ರುಚಿ ನೋಡುತ್ತೇವೆ. ಕಳೆದ ಸಲ ನನ್ನ ಬಾಟಲಿ ಬಗ್ಗಿಸಿದರೆ ಬೆಂಡೆಕಾಯಿ ಲೋಳೆ ಹಾಗೆ ಎಳೆ ಎಳೆಯಾಗಿ ಗ್ಲಾಸಿಗೆ ಇಳಿಯಿತು. ಆದರೂ ಎಲ್ಲರೂ ಒಂದು ಗುಟುಕು ಕುಡಿದು ‘ಚೆನ್ನಾಗಿದೆ’ ಅಂದರು. ಮನೆಗೆ ಬಂದು ನಾನೇ ಕುಡಿದು ನೋಡಿದೆ, ಗಂಟಲಲ್ಲಿ ಇಳಿಯಲಿಲ್ಲ. ಆ ಲೋಳೆ ಯಾಕಾಯಿತು? ಮತ್ತೆ ಬೇಜಾರಾಗದ ಹಾಗೆ ನಿಜ ಹೇಳುವುದು ಹೇಗೆ?

ಉತ್ತರ

ಲೋಳೆ ವಿಷಯ ಮೊದಲು ಮುಗಿಸೋಣ. ಶುಂಠಿ ಸಿಪ್ಪೆಯ ಮೇಲೆ ಯೀಸ್ಟ್ ಜೊತೆಗೆ ಲ್ಯೂಕೊನೊಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಕೂಡ ಇರುತ್ತದೆ. ಹೊಸಬರಲ್ಲ, ನಿಮ್ಮ ಮನೆಯ ಇಡ್ಲಿ ಹಿಟ್ಟು ಉಬ್ಬಿಸುವುದೂ ಇದೇ ಜಾತಿಯವರು. ಇವರಿಗೆ ಸಕ್ಕರೆ ಜಾಸ್ತಿ ಸಿಕ್ಕಿ, ಯೀಸ್ಟ್ ಇನ್ನೂ ಚುರುಕಾಗಿಲ್ಲ ಅಂದರೆ ಆ ಸಕ್ಕರೆಯನ್ನೇ ಉದ್ದುದ್ದ ಸರಪಳಿಯಾಗಿ ಹೆಣೆದುಬಿಡುತ್ತಾರೆ. ನೀವು ನೋಡಿದ ಎಳೆ ಅದೇ. ಸ್ಟಾರ್ಟರ್, ಅಂದರೆ ಶುಂಠಿ, ಸಕ್ಕರೆ, ನೀರು ಸೇರಿಸಿ ಮೊದಲೇ ಹುದುಗಲು ಇಟ್ಟದ್ದನ್ನು ಪೂರ್ತಿ ಚೆಲ್ಲಿ, ಜಾಡಿಗೆ ಕುದಿನೀರು ಹಾಕಿ ತೊಳೆದು, ಹೊಸ ಶುಂಠಿಯಲ್ಲಿ ಶುರು ಮಾಡಿ. ನಿಂಬೆರಸವನ್ನು ಕೊನೆಗೆ ಹಾಕುವ ಬದಲು ಮೊದಲೇ ಹಾಕಿ, ಹುಳಿ ಇದ್ದರೆ ಇವರ ಆಟ ಕಡಿಮೆ. ಸ್ಟಾರ್ಟರಿನಲ್ಲಿ ಗುಳ್ಳೆ ಜೋರಾಗಿ ಏಳುವ ತನಕ ಬಾಟಲಿಗೆ ಹಾಕುವ ಗಡಿಬಿಡಿ ಬೇಡ.

ಈಗ ಎರಡನೇ ಮಾತು. ನನಗೆ ಅದೇ ಮುಖ್ಯ. ‘ಚೆನ್ನಾಗಿದೆ’ ಅನ್ನುವುದು ಮಾಡಿದವರಿಗೆ ಏನನ್ನೂ ಕೊಡುವುದಿಲ್ಲ. ‘ಚೆನ್ನಾಗಿಲ್ಲ’ ಅನ್ನುವುದೂ ಅಷ್ಟೇ. ಮಾಡಿದವರಿಗೆ ಬೇಕಾದ್ದು ನಾಲಿಗೆಗೆ ಏನು ಸಿಕ್ಕಿತು ಅನ್ನುವುದು. ನಮ್ಮ ಬ್ರೂವರಿಯಲ್ಲಿ ರುಚಿ ನೋಡುವಾಗ ಆ ಎರಡು ಮಾತೂ ಬಾಯಿಂದ ಬರುವ ಹಾಗಿರಲಿಲ್ಲ. ಬೆಣ್ಣೆ ವಾಸನೆ ಇದೆ, ಹಸಿ ಸೇಬಿನ ವಾಸನೆ ಇದೆ, ಒದ್ದೆ ರಟ್ಟಿನ ಹಾಗಿದೆ, ಹೀಗೆ ಹೇಳಬೇಕಿತ್ತು. ಬೆಣ್ಣೆ ವಾಸನೆ ಅಂದ ಕೂಡಲೇ ಟ್ಯಾಂಕ್ ನೋಡುವವನಿಗೆ ತಿಳಿಯುತ್ತಿತ್ತು, ಯೀಸ್ಟ್ ಕೆಲಸ ಮುಗಿಸುವ ಮೊದಲೇ ತಣ್ಣಗೆ ಮಾಡಿದ್ದೇವೆ, ಇನ್ನೆರಡು ದಿನ ಬಿಟ್ಟರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ ಅಂತ. ಹಸಿ ಸೇಬು ಅಂದರೆ ಬಿಯರ್ ಇನ್ನೂ ಎಳೆಯದು. ಒದ್ದೆ ರಟ್ಟು ಅಂದರೆ ತುಂಬುವಾಗ ಗಾಳಿ ಹೋಗಿದೆ. ಉಗುರಿನ ಪಾಲಿಶ್ ವಾಸನೆ ಬಂದರೆ ಸೆಕೆ ಜಾಸ್ತಿಯಾಗಿದೆ, ಇಲ್ಲವಾದರೆ ಕಾಡು ಯೀಸ್ಟ್ ಸೇರಿದೆ.

ನಮಗೆ ಇದಕ್ಕೆ ಇಂಗ್ಲಿಷ್ ಪಟ್ಟಿಯೂ ಬೇಡ. ಕಮಟು, ಮುಗ್ಗಲು, ಘಾಟು, ಒಗರು, ಕನರು, ಹಳಸಲು, ಎಷ್ಟು ಶಬ್ದ ಇವೆ ನೋಡಿ. ಕೊಬ್ಬರಿ ಎಣ್ಣೆ ಕಮಟಾಗಿದ್ದನ್ನು ನಮ್ಮ ಅಜ್ಜಿ ಮುಚ್ಚಳ ತೆಗೆಯುವಾಗಲೇ ಹೇಳುತ್ತಿದ್ದರು. ಅದೇ ಮೂಗು ನಮಗೂ ಇದೆ, ಬಳಸಬೇಕು ಅಷ್ಟೇ.

ಮಾಡುವ ಕ್ರಮ ಹೀಗೆ. ಊಟಕ್ಕೆ ಮೊದಲು ಕೂತುಕೊಳ್ಳಿ, ಹನ್ನೊಂದು ಗಂಟೆ ಹೊತ್ತಿಗೆ ಮೂಗು ಚುರುಕಾಗಿರುತ್ತದೆ. ಅವತ್ತು ಬೆಳಿಗ್ಗೆಯಿಂದ ಕವಳ ಹಾಕಬೇಡಿ. ಇದು ನಮ್ಮ ಕಡೆಯವರಿಗೆ ಕಷ್ಟ ಅಂತ ಗೊತ್ತು, ಆದರೆ ಸುಣ್ಣ, ತಂಬಾಕು, ಅಡಿಕೆಯ ಒಗರು ನಾಲಿಗೆಯ ಮೇಲೆ ಬಹಳ ಹೊತ್ತು ಕೂರುತ್ತದೆ. ಕೋಣೆಯಲ್ಲಿ ಊದುಬತ್ತಿ ಬೇಡ, ಮಲ್ಲಿಗೆ ದಂಡೆಯನ್ನು ಆಮೇಲೆ ಮುಡಿಯಬಹುದು. ಸ್ಟೀಲ್ ಲೋಟ ಬೇಡ, ಗಾಜಿನದು ಇರಲಿ. ಸೋಪಿನ ಜಿಡ್ಡು ಉಳಿದರೆ ನೊರೆ ನಿಲ್ಲುವುದಿಲ್ಲ, ಬಿಸಿನೀರಲ್ಲಿ ಚೆನ್ನಾಗಿ ಜಾಲಿಸಿ. ಎಲ್ಲಕ್ಕಿಂತ ದೊಡ್ಡದು, ಬಾಟಲಿ ಯಾರದ್ದು ಅಂತ ಕಾಣಬಾರದು. ಒಬ್ಬರು ಒಳಗೆ ಅಡುಗೆಮನೆಯಲ್ಲಿ ಬಗ್ಗಿಸಿ, ಬರೀ ನಂಬರ್ ಚೀಟಿ ಅಂಟಿಸಿ ತರಲಿ.

ಗ್ಲಾಸಿಗೆ ಮೂರರಲ್ಲಿ ಒಂದು ಪಾಲು ಸಾಕು. ಅಂಗೈ ಮುಚ್ಚಿ ಒಮ್ಮೆ ತಿರುಗಿಸಿ, ಕೈ ತೆಗೆದ ಕೂಡಲೇ ಮೂರು ಸಲ ಚಿಕ್ಕದಾಗಿ ಮೂಸಿ. ಕುಡಿಯುವುದು ಆಮೇಲೆ. ಫ್ರಿಜ್ಜಿನಿಂದ ತೆಗೆದ ಕೂಡಲೇ ನೋಡಬೇಡಿ, 10–12 ಡಿಗ್ರಿಗೆ ಬರಲಿ, ಐಸಿನಷ್ಟು ತಣ್ಣಗಿದ್ದರೆ ದೋಷ ಎಲ್ಲ ಅಡಗಿ ಕೂರುತ್ತದೆ. ಸಿಹಿ ಕಡಿಮೆ ಇರುವುದು ಮೊದಲು, ಖಾರ ಶುಂಠಿಯದ್ದು ಕೊನೆಗೆ. ನಡುವೆ ಉಪ್ಪಿಲ್ಲದ ಮಂಡಕ್ಕಿ ನಾಲ್ಕು ಕಾಳು, ಒಂದು ಗುಟುಕು ನೀರು. ಆಮೇಲೆ ಪ್ರತಿಯೊಬ್ಬರೂ ಮಾತಾಡದೆ ಚೀಟಿಯಲ್ಲಿ ಬರೆಯಬೇಕು. ಇದನ್ನು ಬಿಡಲೇಬೇಡಿ. ಯಾರಾದರೂ ಒಬ್ಬರು ‘ಬಾಳೆಹಣ್ಣಿನ ವಾಸನೆ’ ಅಂತ ಬಾಯಿಬಿಟ್ಟರೆ ಸಾಕು, ಉಳಿದ ಆರೂ ಜನರಿಗೆ ಬಾಳೆಹಣ್ಣೇ ಸಿಗುತ್ತದೆ. ನಾನು ಎಷ್ಟು ಸಲ ನೋಡಿದ್ದೇನೆ.

ಪ್ರಶ್ನೆ (ಕುಮಟಾದಿಂದ)

ಅಣ್ಣ, ಇದೇ ಗುಂಪಿನವಳು ನಾನು. ಏಪ್ರಿಲಿನಲ್ಲಿ ಶಿರಸಿಯಿಂದ ಬಸ್ಸಲ್ಲಿ ನಾಲ್ಕು ಗಾಜಿನ ಬಾಟಲಿ ತಂದೆ. ದೇವಿಮನೆ ಘಾಟಿ ಇಳಿದು ಮನೆಗೆ ಬಂದು ಚೀಲ ಕೆಳಗಿಟ್ಟು ಹತ್ತು ನಿಮಿಷ ಆಗಿಲ್ಲ, ಒಂದು ಬಾಟಲಿ ಒಡೆಯಿತು. ಗಾಜು ಗೋಡೆಗೆ ಹೋಗಿ ಬಡಿದಿತ್ತು. ಮಗ ಪಕ್ಕದ ಕೋಣೆಯಲ್ಲಿದ್ದ, ಅದೇ ಪುಣ್ಯ. ಘಾಟಿಯಲ್ಲಿ ಕುಲುಕಿದ್ದಕ್ಕೆ ಹೀಗಾಯಿತಾ?

ಉತ್ತರ

ಅಕ್ಕ, ಯಾರಿಗೂ ಪೆಟ್ಟಾಗಲಿಲ್ಲವಲ್ಲ, ಅಷ್ಟು ಸಾಕು. ತಪ್ಪು ಘಾಟಿಯದ್ದಲ್ಲ, ಸಕ್ಕರೆಯದ್ದು. ಲೆಕ್ಕ ನೋಡಿ. 4 ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 1 ಲೀಟರ್ ಗ್ಯಾಸ್ ಆಗುತ್ತದೆ. ಬ್ರೂವರಿಯಲ್ಲಿ ಅಥವಾ ಬೇರೆ ದೇಶದಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಮೊದಲು ಸಕ್ಕರೆ ಎಲ್ಲ ಹುದುಗಿ ಮುಗಿಯಲು ಬಿಡುತ್ತಾರೆ, ಆಮೇಲೆ ಬಾಟಲಿಗೆ ಹಾಕುವಾಗ ಲೀಟರಿಗೆ 6 ಗ್ರಾಂ ಆಸುಪಾಸು ಅಳೆದು ಸೇರಿಸುತ್ತಾರೆ. ಅಷ್ಟಕ್ಕೆ ಬೇಕಾದಷ್ಟು ನೊರೆ ಬರುತ್ತದೆ. ನಾವು ಶುಂಠಿ ಬಿಯರಿಗೆ ಲೀಟರಿಗೆ 80 ಗ್ರಾಂ ಹಾಕಿ, ಸಿಹಿ ಇರುವಾಗಲೇ ಮುಚ್ಚಳ ಬಿಗಿಯುತ್ತೇವೆ. ಅದು ಪೂರ್ತಿ ಹುದುಗಿದರೆ ಒಂದು ಲೀಟರಿಗೆ 20 ಲೀಟರ್ ಗ್ಯಾಸ್. ಯಾವ ಗಾಜೂ ಅದನ್ನು ತಡೆಯುವುದಿಲ್ಲ. ಶಿರಸಿಯ ತಂಪಿನಲ್ಲಿ ನಿಧಾನ ಇದ್ದ ಯೀಸ್ಟ್ ಕುಮಟಾದ ಏಪ್ರಿಲ್ ಸೆಕೆಗೆ ಬಂದ ಕೂಡಲೇ ಜೋರಾಗುತ್ತದೆ, ಜೊತೆಗೆ ಬಿಸಿಯಾದಷ್ಟೂ ಒಳಗಿನ ಒತ್ತಡ ಏರುತ್ತದೆ.

ಹಾಗಾಗಿ ಬದಲಾಯಿಸುವ ಬಾಟಲಿ ಗಾಜಿನದು ಬೇಡ. ಕೂಲ್‌ಡ್ರಿಂಕ್ಸಿನ ಪ್ಲಾಸ್ಟಿಕ್ ಬಾಟಲಿ ಒಳ್ಳೆಯದು, ಅದು ಗ್ಯಾಸಿಗೆಂದೇ ಮಾಡಿದ್ದು. ನೀರಿನ ಬಾಟಲಿ ಆಗದು. ದಿನಕ್ಕೆರಡು ಸಲ ಹೆಬ್ಬೆರಳಿಂದ ಒತ್ತಿ ನೋಡಿ. ಮೊದಲ ದಿನ ಮೆತ್ತಗೆ ಒಳಗೆ ಹೋಗುತ್ತದೆ, ಆಮೇಲೆ ಬೆರಳಿಗೆ ಎದುರು ನಿಲ್ಲುತ್ತದೆ. ಅಂಗಡಿಯಿಂದ ತಂದ, ಮುಚ್ಚಳ ತೆಗೆಯದ ಸೋಡಾ ಬಾಟಲಿಯಷ್ಟು ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ. ಕರಾವಳಿಯ ಬೇಸಿಗೆಯಲ್ಲಿ ಇದು ಒಂದೇ ದಿನದಲ್ಲಿ ಆಗಿಬಿಡಬಹುದು. ಬಸ್ಸಿಗೆ ಹಾಕುವಾಗ ಐಸ್ ತುಂಬಿದ ಥರ್ಮಾಕೋಲ್ ಡಬ್ಬದಲ್ಲಿಡಿ. ಮೀನು ಮಾರ್ಕೆಟ್ಟಿನ ಹಳೆ ಡಬ್ಬ ಬೇಡ, ಎಷ್ಟು ತೊಳೆದರೂ ಬಂಗಡೆ ವಾಸನೆ ಹೋಗುವುದಿಲ್ಲ, ಬಾಟಲಿಯ ಹೊರಗೆ ಹತ್ತಿದ್ದು ಮೂಸುವವರ ಮೂಗಿಗೆ ಹೋಗಿ ಪಾಪ ಮಾಡಿದವರಿಗೆ ಕೆಟ್ಟ ಹೆಸರು.

ಪ್ರಶ್ನೆ (ಕಾರವಾರದಿಂದ)

ಸರ್, ನನ್ನ ತಮ್ಮ ಇಂಗ್ಲೆಂಡಿನಲ್ಲಿದ್ದಾನೆ, ಮನೆಯಲ್ಲೇ ಬಾರ್ಲಿ ಮಾಲ್ಟ್, ಹಾಪ್ಸ್ ಹಾಕಿ ಬಿಯರ್ ಮಾಡುತ್ತಾನೆ. ಅವರ ಕ್ಲಬ್ಬಿನಲ್ಲೂ ನಮ್ಮ ಹಾಗೇ ಬಾಟಲಿ ಬದಲಾಯಿಸುತ್ತಾರಂತೆ. ಇಲ್ಲಿ ನಾವೂ ಮಾಡಬಹುದಾ? ಅವರು ಮಾರ್ಕ್ಸ್ ಕೂಡ ಕೊಡುತ್ತಾರಂತೆ, ನಾವೂ ಕೊಡೋಣವಾ?

ಉತ್ತರ

ಬಿಯರ್ ಮಾಡುವುದು ಬೇಡ. ಇಂಗ್ಲೆಂಡಿನಲ್ಲಿ ಮನೆಮಟ್ಟಿಗೆ ಮಾಡಲು ಲೈಸೆನ್ಸ್ ಬೇಕು ಅನ್ನುವ ನಿಯಮವನ್ನು 1963ರಲ್ಲೇ ತೆಗೆದರು. ಅಮೆರಿಕದಲ್ಲಿ 1978ರಲ್ಲಿ ಅದಕ್ಕೆ ಕಾನೂನು ಬಂತು. ನಮ್ಮಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965 ಇದೆ, ಪರವಾನಗಿ ಇಲ್ಲದೆ ಮದ್ಯ ತಯಾರಿಸುವ ಹಾಗಿಲ್ಲ, ಮನೆಯವರಿಗೆ ಮಾತ್ರ ಅಂದರೂ ಇಲ್ಲ. ಶುಂಠಿ ಬಿಯರನ್ನೂ ಹೇಗೋ ಬಿಟ್ಟರೆ ಆಗುವುದಿಲ್ಲ. ಲೀಟರಿಗೆ 17 ಗ್ರಾಂ ಸಕ್ಕರೆ ಹುದುಗಿದರೆ ಸುಮಾರು 1 ಶೇಕಡಾ ಆಲ್ಕೋಹಾಲ್. ಆ 80 ಗ್ರಾಂ ಪೂರ್ತಿ ಹುದುಗಿದರೆ ಬಿಯರಿನಷ್ಟೇ ಆಗುತ್ತದೆ. ಗಟ್ಟಿಯಾದ ಕೂಡಲೇ ಫ್ರಿಜ್ಜಿಗೆ ಅಂದದ್ದು ಬಾಟಲಿ ಒಡೆಯದಿರಲಿ ಅಂತ ಮಾತ್ರ ಅಲ್ಲ. ವಾರಗಟ್ಟಲೆ ಹೊರಗಿಟ್ಟು ಸಿಹಿಯೆಲ್ಲ ಹೋದ ಬಾಟಲಿಯನ್ನು ಮಕ್ಕಳಿಗೆ ಕೊಡಲೇಬೇಡಿ.

ಮಾರ್ಕ್ಸ್ ವಿಷಯಕ್ಕೆ ಬರೋಣ. ಬಿಯರ್ ಸ್ಪರ್ಧೆಗಳಲ್ಲಿ ಜಾಸ್ತಿ ಬಳಸುವ ಬಿಜೆಸಿಪಿ (ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಸಂಸ್ಥೆ) ಹಾಳೆಯಲ್ಲಿ 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಅನ್ನಿಸುವುದಕ್ಕೆ 5, ಒಟ್ಟಾರೆ 10. ನೋಟಕ್ಕೆ ಬರೀ 3 ಅನ್ನುವುದನ್ನು ನೋಡಿಕೊಳ್ಳಿ. ನಮ್ಮವರು ಮುರುಗಲಿನ ಬಣ್ಣ ಕೆಂಪಾಯಿತಾ ಕಂದಾಯಿತಾ ಅಂತಲೇ ಅರ್ಧ ಗಂಟೆ ಮಾತಾಡುತ್ತೀರಿ. ಏಳು ಜನರ ಗುಂಪಿಗೆ ನಾನಾದರೆ ಅಂಕ ಬೇಡ ಅನ್ನುತ್ತೇನೆ. ಅಂಕ ಬಂದ ಕೂಡಲೇ ಚೀಟಿಯಲ್ಲಿ ಮಾತು ಕಡಿಮೆಯಾಗುತ್ತದೆ.

ಅದರ ಬದಲು ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಬೆಲ್ಲ ಹಾಕಿದ್ದಕ್ಕೂ ಸಕ್ಕರೆ ಹಾಕಿದ್ದಕ್ಕೂ ನಿಜವಾಗಿ ವ್ಯತ್ಯಾಸ ಇದೆಯಾ ಅಂತ ತಿಳಿಯಬೇಕು ಅಂದುಕೊಳ್ಳಿ. ಎರಡು ಗ್ಲಾಸಿನಲ್ಲಿ ಒಂದೇ ತರಹದ್ದು, ಮೂರನೆಯದರಲ್ಲಿ ಬೇರೆ. ಬಣ್ಣ ಕಾಣಬಾರದು, ಇದಕ್ಕೆ ಮಾತ್ರ ಸ್ಟೀಲ್ ಲೋಟ ಆದೀತು. ಬೇರೆ ಯಾವುದು ಅಂತ ಕೇಳಿ. ಸುಮ್ನೆ ಊಹಿಸಿದರೂ ಮೂರರಲ್ಲೊಬ್ಬರು ಸರಿ ಹೇಳುತ್ತಾರೆ, ಹಾಗಾಗಿ ಏಳರಲ್ಲಿ ಐದು ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ಇದೆ ಅಂತ ಒಪ್ಪಬೇಕು.

ಪ್ರಶ್ನೆ (ಶಿರಸಿಯಿಂದ, ಮೊದಲು ಕೇಳಿದವರೇ)

ಇನ್ನೊಂದೇ ಒಂದು. ಮಳೆಗಾಲದಲ್ಲಿ ನನ್ನದಕ್ಕೆ ಆಸ್ಪತ್ರೆಯ ಬ್ಯಾಂಡೇಜಿನ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಇಲ್ಲ. ಶುಂಠಿ ಒಂದೇ ತೋಟದ್ದು.

ಉತ್ತರ

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೀರಾ? ಹಾಕುತ್ತಿದ್ದರೆ ನಿಲ್ಲಿಸಬೇಡಿ, ಮಳೆಗಾಲದಲ್ಲಿ ಅದು ಬೇಕು. ಆದರೆ ಅದರ ಕ್ಲೋರಿನ್, ಹುದುಗುವಾಗ ಹುಟ್ಟುವ ಫೀನಾಲ್ ಅನ್ನುವ ರಾಸಾಯನಿಕದ ಜೊತೆ ಸೇರಿದರೆ ಇದೇ ವಾಸನೆ. ಚೂರೇ ಚೂರು ಇದ್ದರೂ ಮೂಗು ಹಿಡಿಯುತ್ತದೆ, ಒಮ್ಮೆ ಬಂದರೆ ಹೋಗುವುದೂ ಇಲ್ಲ. ಬ್ರೂವರಿಗಳು ನೀರಿನ ಕ್ಲೋರಿನ್ ತೆಗೆಯದೆ ಕೆಲಸಕ್ಕೇ ಕೈ ಹಾಕುವುದಿಲ್ಲ. ನೀವು ನೀರನ್ನು ತೆರೆದ ಪಾತ್ರೆಯಲ್ಲಿ ಕಾಲು ಗಂಟೆ ಕುದಿಸಿ, ತಣಿಸಿ ಬಳಸಿ. ಬಾಟಲಿ ತೊಳೆಯಲೂ ಅದೇ ನೀರು.

ಈ ಸಲ ಎರಡು ಬಾಟಲಿ ಮಾಡಿ, ಒಂದು ಬಾವಿ ನೀರಿಂದು, ಒಂದು ಕುದಿಸಿದ ನೀರಿಂದು. ಉಳಿದದ್ದೆಲ್ಲ ಒಂದೇ ಇರಲಿ. ತಾರೀಕು, ಸಕ್ಕರೆ ಎಷ್ಟು, ಹೊರಗೆ ಎಷ್ಟು ಗಂಟೆ ಇಟ್ಟಿರಿ ಅಂತ ಚೀಟಿಯಲ್ಲಿ ಬರೆದು ಬೇರೆ ಲಕೋಟೆಯಲ್ಲಿಡಿ, ಬಾಟಲಿಯ ಮೇಲೆ 1, 2 ಅಂತ ಮಾತ್ರ. ಐಸ್ ಡಬ್ಬದಲ್ಲಿ ಹಾಕಿ ಶನಿವಾರ ಬೆಳಗಿನ ಬಸ್ಸಿಗೆ ಕೊಟ್ಟು ಫೋನ್ ಮಾಡಿ, ಕುಮಟಾ ಸ್ಟ್ಯಾಂಡಿಗೆ ನಾನೇ ಬಂದು ತೆಗೆದುಕೊಳ್ಳುತ್ತೇನೆ. ಲಕೋಟೆ ಬಿಚ್ಚುವ ಮೊದಲು ನನಗೆ ಸಿಕ್ಕಿದ್ದನ್ನು ಬರೆದು ಇಲ್ಲೇ ಹಾಕುತ್ತೇನೆ.