ಹೊರಗೆ ಬಿಸಿಲು, ಒಳಗೆ ಸಾರಂಗ

ಗುಂಪು: ಸ್ಟೇಷನ್ ರೋಡ್ ಮನೆ, ರಾಯಚೂರು
ಭಾನುವಾರ, ಮೇ ತಿಂಗಳು

ಪುಟ್ಟಿ (ಮ್ಯಾಂಚೆಸ್ಟರ್), 12:38
ಎಲ್ಲರಿಗೂ ನಮಸ್ಕಾರ. ಇವತ್ತು ಇಲ್ಲಿ ಬಿಸಿಲು ಬಿದ್ದಿದೆ! ನನಗೆ ರಜೆ ಬೇರೆ. 'ಬಿಸಿಲಿನ ರಜೆ' ಅಂತ 30 ಹಾಡು ಜೋಡಿಸಿದ್ದೇನೆ. ಲಿಂಕ್ ಹಾಕಿದ್ದೇನೆ, ಕೇಳಿ. ಜಾಸ್ತಿ ಕುಣಿಯೋ ಹಾಡುಗಳೇ. ನಿಮಗೆ ಬೇಕಾದ್ದು ಸೇರಿಸಿ.

ಕಾಕಾ (ಬಳ್ಳಾರಿ), 12:45
ಎರಡು ಹಾಡು ಕೇಳಿದೆ ಪುಟ್ಟಿ. ಬಿಸಿಲಿಗೆ ಇಷ್ಟು ಗದ್ದಲ ಯಾಕಮ್ಮ? ಭಾನುವಾರ ಮಧ್ಯಾಹ್ನ ಅಂದರೆ ಆಕಾಶವಾಣಿ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ. ನಮ್ಮ ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರ ಒಂದು ರಂಗಗೀತೆಯಾದರೂ ಹಾಕು.

ಗುಂಡ (ಕೊಪ್ಪಳ), 12:47
ಅಕ್ಕನ ಪಟ್ಟಿ ಚೆನ್ನಾಗಿದೆ ತಾತ. ಆದರೆ ನಮ್ಮ ಜನಪದ ಒಂದೂ ಇಲ್ಲ. ಟ್ರ್ಯಾಕ್ಟರ್ ಮೇಲೆ ಸ್ಪೀಕರ್ ಡಬ್ಬಿ ಕಟ್ಟಿ ಹಾಕುತ್ತಾರಲ್ಲ, ಅಂಥದ್ದು ಹತ್ತಾದರೂ ಬೇಕು.

ನಾನು, 12:58
ಪುಟ್ಟಿ, ಎಲ್ಲ ಸ್ವಲ್ಪ ಸ್ವಲ್ಪ ಕೇಳಿದೆ. ಹಾಡುಗಳ ಮೇಲೆ ನನಗೇನೂ ಸಿಟ್ಟಿಲ್ಲ. ತಕರಾರು ಹೆಸರಿನದು. 'ಬಿಸಿಲಿನ ರಜೆ' ಅಂತ ಬರೆದು ಈ ಗುಂಪಿಗೆ ಹಾಕಿದ ಮೇಲೆ ಅದು ಈ ಮನೆಯ ಬಿಸಿಲೂ ಆಗಬೇಕು ಅಲ್ವಾ? ಇಲ್ಲಿ ಈಗ 42 ಡಿಗ್ರಿ. ಬೀದಿಯಲ್ಲಿ ಒಂದು ನಾಯಿ ಇಲ್ಲ. ಬಾಗಿಲು ಹಾಕಿ, ಕಿಟಕಿಗೆ ಒದ್ದೆ ಚಾದರ ಕಟ್ಟಿ, ಬಂಡೆಯ ನೆಲದ ಮೇಲೆ ಚಾಪೆಯನ್ನೂ ಹಾಸದೆ ಬಿದ್ದುಕೊಂಡಿದ್ದೇವೆ. ಈಗ ಕುಣಿಯುವ ಹಾಡು ಹಾಕಿದರೆ ಮೈ ಇನ್ನೂ ಕಾಯುತ್ತದೆ.

ನಮ್ಮ ಬಿಸಿಲಿಗೆ ನಿಧಾನದ ಹಾಡೇ ಬೇಕು. ಹಿಂದೂಸ್ತಾನಿ ಹಾಡುವವರು ಹೊತ್ತಿಗೊಂದು ರಾಗ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ತೋಡಿ. ಸೂರ್ಯ ನೆತ್ತಿಗೆ ಬಂದಾಗ ಸಾರಂಗ. ಊಟ ಮುಗಿದ ಮೇಲೆ ಭೀಮ್‌ಪಲಾಸಿ. ಹೊತ್ತು ಇಳಿಯುವಾಗ ಮುಲ್ತಾನಿ. ಬೃಂದಾವನಿ ಸಾರಂಗ ಕೇಳಿ ನೋಡು. ಏಳು ಸ್ವರಗಳಲ್ಲಿ ಅದಕ್ಕೆ ಗಾಂಧಾರ ಇಲ್ಲ, ಧೈವತ ಇಲ್ಲ. ಸಾಮಾನೆಲ್ಲ ಹೊರಗಿಟ್ಟು ತೊಳೆದ ಕೋಣೆಯ ಹಾಗೆ ಇರುತ್ತದೆ. ಏರುವಾಗ ಒಂದು ನಿಷಾದ, ಇಳಿಯುವಾಗ ಇನ್ನೊಂದು. ಆ ಇಳಿಯುವ ನಿಷಾದ ಕೇಳಿದಾಗಲೆಲ್ಲ ನನಗೆ ಗಡಿಗೆಯ ನೀರು ಗಂಟಲಲ್ಲಿ ಇಳಿದ ಹಾಗೆ ಆಗುತ್ತದೆ.

ಅಣ್ಣ (ಬೆಂಗಳೂರು), 1:03
ಮಗು ಖುಷಿಯಿಂದ ಕಳಿಸಿದೆ. ಅದಕ್ಕೆ ಪಾಠ ಯಾಕೆ? ರಜೆ ದಿನ ಅವರವರ ಇಷ್ಟ.

ನಾನು, 1:05
ಪಾಠ ಅಲ್ಲ ಅಣ್ಣ. ಸೇರಿಸಿ ಅಂತ ಅವಳೇ ಕೇಳಿದ್ದಾಳೆ. ಸುಮ್ನೆ 'ಚೆನ್ನಾಗಿದೆ' ಅಂತ ಹೆಬ್ಬೆರಳು ಒತ್ತಿ ಕೂತರೆ ಅದು ಕೇಳಿದ ಹಾಗಲ್ಲ.

ಪುಟ್ಟಿ, 1:11
ಅಪ್ಪ, ಪರವಾಗಿಲ್ಲ. ಅತ್ತೆ, ನನ್ನ ಪಟ್ಟಿಯ ಮೊದಲನೇ ಹಾಡು ಬೀಟಲ್ಸ್‌ನದು, 'ಹಿಯರ್ ಕಮ್ಸ್ ದ ಸನ್'. ಅದು ಕುಣಿಯೋ ಹಾಡಲ್ಲ. 1969ರಲ್ಲಿ ಜಾರ್ಜ್ ಹ್ಯಾರಿಸನ್ ಬರೆದದ್ದು. ಆಫೀಸಿನ ಮೀಟಿಂಗ್ ತಪ್ಪಿಸಿಕೊಂಡು ಗೆಳೆಯ ಎರಿಕ್ ಕ್ಲ್ಯಾಪ್ಟನ್ ಮನೆಗೆ ಹೋಗಿ, ತೋಟದಲ್ಲಿ ಗಿಟಾರ್ ಹಿಡಿದು ಕೂತಾಗ ಹುಟ್ಟಿದ್ದು. ಉದ್ದನೆಯ ಚಳಿಗಾಲ ಆಗಷ್ಟೇ ಮುಗಿದಿತ್ತು. ಇಲ್ಲಿಗೆ ಬಂದ ಮೊದಲ ವರ್ಷ ನನಗೆ ಅದು ಅರ್ಥವೇ ಆಗಿರಲಿಲ್ಲ. ರಾಯಚೂರಿನ ಹುಡುಗಿಗೆ ಬಿಸಿಲು ಬಂತು ಅಂತ ಯಾರಾದರೂ ಹಾಡುತ್ತಾರಾ ಅನ್ನಿಸಿತ್ತು. ನವೆಂಬರ್‌ನಲ್ಲಿ ನಾಲ್ಕೂವರೆಗೆ ಕತ್ತಲಾಗುತ್ತದೆ ಅತ್ತೆ. ದೀಪ ಹಾಕಿಕೊಂಡು ಕೆಲಸಕ್ಕೆ ಹೋಗಿ ದೀಪ ಹಾಕಿಕೊಂಡು ಬರುತ್ತೇನೆ. ಇವತ್ತು ಕಿಟಕಿ ತೆಗೆದರೆ ಅಡುಗೆಮನೆ ನೆಲದ ಮೇಲೆ ಬಿಸಿಲು ಬಿದ್ದಿತ್ತು. ಅದರ ಮೇಲೆ ಬರಿಗಾಲಲ್ಲಿ ನಿಂತುಕೊಂಡೆ. ಆಮೇಲೆ ಪಟ್ಟಿ ಮಾಡಿದ್ದು.

ಸಣ್ಣವ್ವ (ಸಿಂಧನೂರು), 1:16
ನೀವಿಬ್ಬರೂ ಮನೆಯೊಳಗೆ ಕೂತವರ ಮಾತಾಡುತ್ತಿದ್ದೀರಿ. ನಮ್ಮ ಗದ್ದೆಯಲ್ಲಿ ಸಸಿ ಹಚ್ಚುವ ಹೆಣ್ಣುಮಕ್ಕಳು ನೆತ್ತಿ ಸುಡುವಾಗಲೇ ಹಾಡುತ್ತಾರೆ. ಒಬ್ಬಳು ಎತ್ತಿಕೊಳ್ಳುತ್ತಾಳೆ, ಉಳಿದವರು ಹಿಂದೆ. ಸೊಂಟ ಬಗ್ಗಿಸಿಕೊಂಡೇ. ಬಿಸಿಲಿನ ಹಾಡು ಅಂದರೆ ನನಗೆ ಅದೇ.

ಗುಂಡ, 1:18
ಅದನ್ನೇ ನಾನೂ ಹೇಳೋದು. ಭತ್ತದ ಲೋಡ್ ಹೊಡೆಯುವ ಡ್ರೈವರ್‌ಗೆ ಮಧ್ಯಾಹ್ನ ಸಾರಂಗ ಹಾಕಿದರೆ ಕಣ್ಣು ಎಳೆಯುತ್ತದೆ ಅತ್ತೆ. ಅವನಿಗೆ ಡಬ್ಬಿ ಬಡಿಯಲೇಬೇಕು. ಅದು ಬರೀ ಗದ್ದಲ ಅಲ್ಲ.

ನಾನು, 1:29
ಗುಂಡ, ಸಣ್ಣವ್ವ, ಇದನ್ನು ಒಪ್ಪಿದೆ. ನಾನು ಇದನ್ನು ಯೋಚಿಸಿರಲಿಲ್ಲ. ಆದರೆ ಅದು ದುಡಿಮೆಯ ಹೊತ್ತಿನ ಹಾಡು. ಕೈಗೆ, ಕಣ್ಣಿಗೆ ಬಲ ಬೇಕು, ಅದಕ್ಕೆ ಹಾಡುತ್ತಾರೆ. ಸಸಿ ಹಚ್ಚುವವರೂ ಬುತ್ತಿ ಬಿಚ್ಚಿ ಗಿಡದ ನೆರಳಿಗೆ ಒರಗಿದ ಮೇಲೆ ಆ ಹಾಡು ಹಾಡುತ್ತಾರಾ? ಪುಟ್ಟಿ ಕೇಳಿದ್ದು ರಜೆಗೆ. ರಜೆ ಅಂದರೆ ಬಿಸಿಲಿಗೆ ಹೋಗದೇ ಇರುವ ದಿನ. ನಮ್ಮ ಕಡೆ ಅದೇ ದೊಡ್ಡ ಸುಖ.

ಪುಟ್ಟಿ, ಆ ತೋಟದ ಮಾತು ನನಗೆ ತುಂಬಾ ಹಿಡಿಸಿತು. ಅವನು ತನ್ನ ಬಿಸಿಲಿಗೆ ಹಾಡಿದ್ದಾನೆ. ಹಾಗೇ ನಮ್ಮ ಬಿಸಿಲಿಗೂ ಹಾಡುಗಳಿವೆ, ಅವೂ ಪಟ್ಟಿಯಲ್ಲಿ ಇರಲಿ ಅನ್ನೋದಷ್ಟೇ ನನ್ನ ಹಟ. ಈ ಊರು ಸಂಗೀತಕ್ಕೆ ಬಡ ಊರಲ್ಲ. ನೀನು ಸ್ಕೂಲ್ ಡೇಗೆ ಕುಣಿದ ರಂಗಮಂದಿರಕ್ಕೆ ಯಾರ ಹೆಸರಿದೆ? ಸಿದ್ಧರಾಮ ಜಂಬಲದಿನ್ನಿ. ನಮ್ಮ ಜಿಲ್ಲೆಯವರೇ. ಅವರ ವಚನ ಒಂದಾದರೂ ಕೇಳು. ಶಬ್ದವನ್ನು ಎಳೆಯುವುದಿಲ್ಲ, ಕೈಹಿಡಿದು ನಡೆಸುತ್ತಾರೆ. 2024ರ ಜೂನ್‌ನಲ್ಲಿ ಹೋದರಲ್ಲ ರಾಜೀವ ತಾರಾನಾಥ, ಅವರ ಸರೋದ್ ಹಾಕಿಕೋ. ಇಲ್ಲಿ ಹಮ್ದರ್ದ್ ಶಾಲೆ ಕಟ್ಟಿದ ಪಂಡಿತ ತಾರಾನಾಥರ ಮಗ ಅವರು.

ಕಾಕಾ, 1:33
ಹಾಗಾದರೆ ದರೋಜಿ ಈರಮ್ಮನವರ ಬುರ್ರಕಥೆ?

ನಾನು, 1:34
ಅದು ದೀಪ ಹಚ್ಚಿದ ಮೇಲೆ ಕಾಕಾ. ಮಧ್ಯಾಹ್ನಕ್ಕೆ ಬೇಡ. ಸಂಜೆಗೆ ಇಟ್ಟುಕೊಳ್ಳೋಣ.

ನಾನು, 1:46
ಈಗ ಒಂದು ಆಡಿಯೋ ಕಳಿಸುತ್ತಿದ್ದೇನೆ. ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಕ್ಯಾಸೆಟ್. ಹೋದ ವಾರ ಬಜಾರಿನಲ್ಲಿ ಒಬ್ಬ ಹುಡುಗನ ಹತ್ತಿರ ಫೋನಿಗೆ ಹಾಕಿಸಿದೆ. ರೀಲು ಸಡಿಲ ಆಗಿತ್ತು, ಪೆನ್ಸಿಲ್ ತೂರಿಸಿ ಸುತ್ತಿ ಕೊಟ್ಟೆ.

ಅಪ್ಪ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ತುಂಬಿಸಿಕೊಂಡದ್ದು. ಯಾರ ಹಾಡು ಅಂತ ಹೇಳಿ ಮುಗಿದ ಮೇಲೆ ಗುಂಡಿ ಒತ್ತಿದ್ದಾರೆ, ಹಾಗಾಗಿ ಹೆಸರಿಲ್ಲ. ರಾಗ ಮಾತ್ರ ಬೃಂದಾವನಿ ಸಾರಂಗವೇ. ರೇಡಿಯೋ ಸೆಲ್ಲಿನದು, ಟೇಪು ಕರೆಂಟಿನದು. ಅದನ್ನು ನೆನಪಿಟ್ಟುಕೊಂಡು ಕೊನೆವರೆಗೆ ಕೇಳಿ. ಕಿವಿಗೆ ಹಚ್ಚಿಕೊಂಡು ಕೇಳಿ.

[ಆಡಿಯೋ, 4:12]

ಕಾಕಾ, 1:53
ಎರಡನೇ ನಿಮಿಷದಲ್ಲಿ ಅದು ಅತ್ತಿಗೆ ದನಿ.

ಪುಟ್ಟಿ, 1:54
ಅಜ್ಜಿನಾ?

ನಾನು, 1:56
ಹೌದು ಪುಟ್ಟಿ. ಮೊದಲು ಕುಕ್ಕರ್ ಸೀಟಿ ಎರಡು ಬರುತ್ತದೆ. ಆಮೇಲೆ ಬಾಗಿಲಿನ ಚಿಲಕದ ಸದ್ದು, ಅಜ್ಜಿ ದನಿ. "ಬಾಗಿಲಾ ಹಾಕ್ರಿ, ಝಳ ಒಳಗ ಬರ್ತದ." ಹಾಡುವವರು ಆಗ ರಿಷಭದ ಮೇಲೆ ನಿಂತಿದ್ದಾರೆ. ಅಜ್ಜಿ ಮಾತು ಮುಗಿದ ಮೇಲೆ ಅಲ್ಲಿಂದ ಎದ್ದು ಹೋಗುತ್ತಾರೆ. ನನಗೆ ಆ ರಾಗ ಎಲ್ಲಿ ಕೇಳಿದರೂ ಆ ಜಾಗ ಬಂದಾಗ ಅವ್ವನ ಮಾತು ಬರಬೇಕು ಅನ್ನಿಸುತ್ತದೆ.

ಸಣ್ಣವ್ವ, 1:59
ಅಕ್ಕನ ದನಿ ಕೇಳಿ ಎಷ್ಟು ವರ್ಷ ಆಗಿತ್ತು. ಮತ್ತೆ ಮತ್ತೆ ಹಾಕುತ್ತಿದ್ದೇನೆ.

ಗುಂಡ, 2:02
ಅತ್ತೆ, ಕೊನೆಗೆ ಹಾಡು ಜೋರಾಗಿ ಓಡಿ, ಸಣ್ಣ ದನಿ ಆಗಿ ನಿಂತು ಹೋಗುತ್ತದೆ. ಕ್ಯಾಸೆಟ್ ಕೆಟ್ಟಿದೆಯಾ? ನನ್ನ ಹತ್ತಿರ ಆ್ಯಪ್ ಇದೆ, ಸೀಟಿ, ಗದ್ದಲ ಎಲ್ಲ ತೆಗೆದು ಕ್ಲೀನ್ ಮಾಡಿಕೊಡಲಾ?

ನಾನು, 2:04
ಬೇಡ ಗುಂಡ. ಏನೂ ತೆಗೆಯಬೇಡ. ಅಲ್ಲಿ ಕರೆಂಟ್ ಹೋಗಿದೆ. ತುಂಬಿಕೊಳ್ಳುವಾಗ ಟೇಪು ನಿಧಾನ ಆಗುತ್ತಾ ನಿಂತಿತು, ಅದಕ್ಕೇ ಈಗ ಹಾಕಿದರೆ ಆ ಜಾಗದಲ್ಲಿ ಓಡಿದ ಹಾಗೆ ಕೇಳುತ್ತದೆ. ರೇಡಿಯೋ ಮಾತ್ರ ಹಾಡುತ್ತಲೇ ಇತ್ತು. ಅಪ್ಪ ಕತ್ತಲೆ ಕೋಣೆಯಲ್ಲಿ ಉಳಿದದ್ದನ್ನೆಲ್ಲ ಕೇಳಿ ಗಟ್ಟಿ ಮಾಡಿಕೊಂಡಿದ್ದರು. ಯಾವಾಗ ಕ್ಯಾಸೆಟ್ ಹಾಕಿದರೂ ಅದು ನಿಂತ ಕಡೆಯಿಂದ ಅವರೇ ಹಾಡುತ್ತಿದ್ದರು. ಅದೊಂದು ನನಗೆ ಬರುವುದಿಲ್ಲ.

ಪುಟ್ಟಿ, 2:09
ಅತ್ತೆ, ಪಟ್ಟಿಯಲ್ಲಿ ಇದನ್ನು ಹ್ಯಾರಿಸನ್ ಹಾಡಿನ ಪಕ್ಕಕ್ಕೇ ಹಾಕಬೇಕು ಅಂತ ನೋಡಿದೆ. ಆಡಿಯೋ ಅಲ್ಲಿ ಸೇರುತ್ತಿಲ್ಲ. ಅದಕ್ಕೆ ಫೋನಿನಲ್ಲೇ ಹೊಸ ಪಟ್ಟಿ ಮಾಡುತ್ತೇನೆ. ಹೆಸರು 'ಬಿಸಿಲಿನ ರಜೆ' ಅಂತಲೇ ಇರಲಿ. ಗುಂಡನ ಜನಪದ, ಕಾಕಾತಾತನ ರಂಗಗೀತೆ ಎಲ್ಲ ಇರುತ್ತೆ. ಇಲ್ಲಿ ಇನ್ನೂ ಒಂಬತ್ತೂವರೆ ಆಗಿದೆ. ಮಧ್ಯಾಹ್ನ ಆಗಲಿ, ಮತ್ತೆ ಸಾರಂಗ ಕೇಳುತ್ತೇನೆ. ನಾನು ಮಾತ್ರ ಬಾಗಿಲು ತೆಗೆದಿಟ್ಟುಕೊಂಡೇ ಕೇಳೋದು.

ಅಣ್ಣ, 2:21
ಅಪ್ಪ ಹಾಡುತ್ತಿದ್ದದ್ದು ನನಗೆ ಬರುತ್ತದೆ. ದನಿ ಸರಿ ಇಲ್ಲ, ಆದರೂ ಹಾಡಿದ್ದೇನೆ. ಕ್ಯಾಸೆಟ್ ನಿಂತ ಕಡೆಯಿಂದ.

[ಆಡಿಯೋ, 0:47]