‘ಷೇರು ತೆಳುವಾಯ್ತು’ ಅಂದರೆ ಇಳಿದದ್ದು ಏನು?

ಎಲ್ಲರಿಗೂ ನಮಸ್ಕಾರ.

ಮೈಸೂರಿನ ಸಣ್ಣ ಹೂಡಿಕೆದಾರರ ಬಳಗವೊಂದಕ್ಕೆ ಕನ್ನಡದಲ್ಲಿ ಟಿಪ್ಪಣಿ ಸಿದ್ಧವಾಗುತ್ತಿದೆ. ಅದರ ವಿಷಯ ಲಂಡನ್ ಷೇರುಪೇಟೆಯಲ್ಲಿ ಸಣ್ಣ ಕಂಪನಿಗಳಿಗಾಗಿ ಇರುವ ಎಐಎಂ ವಿಭಾಗದ ಒಂದು ಪುಟ್ಟ ಅಯೋಡಿನ್ ಕಂಪನಿ. ಅಮೆರಿಕದ ಒಕ್ಲಹೋಮಾದಲ್ಲಿ ಎಣ್ಣೆ ಮತ್ತು ಅನಿಲದ ಬಾವಿಗಳಿಂದ ಮೇಲೆ ಬರುವ ಉಪ್ಪುನೀರಿನಿಂದ ಅದು ಅಯೋಡಿನ್ ತೆಗೆಯುತ್ತದೆ. ಷೇರಿನ ಬೆಲೆ ಇಳಿಯುತ್ತಲೇ ಇತ್ತು. ಏಕೆ ಇಳಿಯುತ್ತಿದೆ, ಇಟ್ಟುಕೊಳ್ಳಬೇಕೋ ಮಾರಬೇಕೋ ಎಂದು ಅದರ ಬಿಡಿ ಹೂಡಿಕೆದಾರರು ನಡೆಸಿದ ವಾದವನ್ನು ಕನ್ನಡಕ್ಕೆ ತರುವಾಗ ಒಂದು ಪ್ಯಾರಾ ಹೀಗೆ ಬಂತು:

“ನೀರು ದುರ್ಬಲಗೊಂಡಿದೆ. ಚೇತರಿಕೆ ಶೇ 80ರಿಂದ 70ಕ್ಕೆ ಕುಸಿದಿದೆ. ಮುಂದಿನ ಪ್ಲೇಸಿಂಗ್‌ನಿಂದ ಷೇರು ಇನ್ನಷ್ಟು ದುರ್ಬಲಗೊಳ್ಳುತ್ತದೆ. ಆದರೂ ವರ್ಷಾಂತ್ಯಕ್ಕೆ ಚೇತರಿಕೆ ಖಚಿತ.”

ಇಂಗ್ಲಿಷಿನಲ್ಲಿ ‘ಡೈಲ್ಯೂಟ್’ ಎಂಬ ಒಂದೇ ಪದ ನೀರಿಗೂ ಷೇರಿಗೂ ಬಳಕೆಯಾಗಿತ್ತು: ನೀರಿನಲ್ಲಿ ಅಯೋಡಿನ್ನಿನ ಅಂಶ ಕಡಿಮೆಯಾಗುವುದಕ್ಕೆ, ಮತ್ತು ಆಯ್ದ ಹೂಡಿಕೆದಾರರಿಗೆ ಹೊಸ ಷೇರು ಮಾರಿದಾಗ (ಇದೇ ‘ಪ್ಲೇಸಿಂಗ್’) ಹಳಬರ ಪಾಲು ಚಿಕ್ಕದಾಗುವುದಕ್ಕೆ. ‘ರಿಕವರಿ’ಯೂ ಎರಡು ಕಡೆ ಇತ್ತು, ಒಮ್ಮೆ ನೀರಿನಿಂದ ಅಯೋಡಿನ್ ಕೈಗೆ ಸಿಗುವ ಪ್ರಮಾಣಕ್ಕೆ, ಇನ್ನೊಮ್ಮೆ ಬೆಲೆ ಮತ್ತೆ ಏರುವುದಕ್ಕೆ. ಅದೇ ಜೋಡಿಯನ್ನು ಕನ್ನಡದಲ್ಲಿ ಉಳಿಸಿಕೊಳ್ಳಲು ಹೋಗಿ ಅರ್ಥವೇ ಕೆಟ್ಟಿದೆ. ‘ಚೇತರಿಕೆ ಕುಸಿದಿದೆ, ಆದರೂ ಚೇತರಿಕೆ ಖಚಿತ’ ಅಂದರೆ ಓದುವವರಿಗೆ ಏನು ತಿಳಿಯಬೇಕು?

ಕೇಳಬೇಕಾದದ್ದು ಇಷ್ಟು. ನೀರಿಗೆ ಮತ್ತು ಷೇರಿಗೆ ‘ಡೈಲ್ಯೂಟ್’ ಆಗುವುದನ್ನು ಕನ್ನಡದಲ್ಲಿ ಹೇಗೆ ಹೇಳುವುದು? ‘ತೆಳುವಾಗು’ ಎರಡಕ್ಕೂ ಒಪ್ಪುತ್ತದೆಯೇ? ಅಯೋಡಿನ್ನಿನ ‘ರಿಕವರಿ’ಗೆ ಯಾವ ಪದ? ಬೆಲೆಯ ವಿಷಯಕ್ಕೆ ಇಳಿಕೆ, ಕುಸಿತ, ಜಾರಿಕೆ ಮೂರನ್ನೂ ಪತ್ರಿಕೆಗಳು ಬಳಸುತ್ತವೆ. ಇವುಗಳ ನಡುವೆ ವ್ಯತ್ಯಾಸ ಕಾಪಾಡಬೇಕೇ? ಬಲ್ಲವರು ತಿಳಿಸಿ.

ಮಂಡ್ಯದಿಂದ ಬಂದ ಉತ್ತರ

ಮೇಡಂ, ಮೊದಲು ‘ರಿಕವರಿ’ ವಿಷಯ ಮುಗಿಸೋಣ, ಅದು ಸುಲಭ. ಮಂಡ್ಯದಲ್ಲಿ 1933ರಿಂದ ಸಕ್ಕರೆ ಕಾರ್ಖಾನೆ ಇದೆ. ನೂರು ಕಿಲೋ ಕಬ್ಬು ಅರೆದರೆ ಎಷ್ಟು ಕಿಲೋ ಸಕ್ಕರೆ ಸಿಕ್ಕಿತು ಅನ್ನುವುದಕ್ಕೆ ಇಲ್ಲಿ ಎಲ್ಲರೂ ಅನ್ನುವುದು ‘ಇಳುವರಿ’. ರೈತರಿಗೆ ಈ ಪದದ ಬೆಲೆ ರೂಪಾಯಿಯಲ್ಲೇ ಗೊತ್ತು. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ಕ್ವಿಂಟಲ್ ಕಬ್ಬಿಗೆ 340 ರೂಪಾಯಿ ಎಂದು ನಿಗದಿ ಮಾಡಿದ್ದು ಶೇ 10.25 ಇಳುವರಿಯ ಲೆಕ್ಕಕ್ಕೆ. ಆದ್ದರಿಂದ ಅಯೋಡಿನ್ನಿಗೂ ‘ಇಳುವರಿ’ ಅನ್ನಿ. ‘ಚೇತರಿಕೆ’ ಕಾಯಿಲೆಯಿಂದ ಎದ್ದವರಿಗೆ, ಬಿದ್ದ ಪೇಟೆ ಏಳುವುದಕ್ಕೆ ಇರಲಿ.

ಆದರೆ ಒಂದು ಎಚ್ಚರ ಬೇಕು. ಸಕ್ಕರೆಯ ಇಳುವರಿ ಕಬ್ಬಿನ ಒಟ್ಟು ತೂಕದ ಮೇಲಿನ ಲೆಕ್ಕ. ಅಯೋಡಿನ್ನಿನ ಶೇ 80 ಅಂದರೆ ನೀರಿನಲ್ಲಿ ಇದ್ದ ಅಯೋಡಿನ್ನಿನಲ್ಲಿ 80 ಪಾಲು ಕೈಗೆ ಸಿಕ್ಕಿತು ಎಂದು. ಟಿಪ್ಪಣಿಯಲ್ಲಿ ಮೊದಲ ಸಲ ಬರೆಯುವಾಗ ‘ನೀರಿನಲ್ಲಿದ್ದುದರಲ್ಲಿ ಶೇ 80 ಇಳುವರಿ’ ಎಂದು ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ನಮ್ಮ ಕಡೆಯವರು ನೂರು ಲೀಟರ್ ನೀರಿಗೆ 80 ಕಿಲೋ ಎಂದು ಓದಿಬಿಡುತ್ತಾರೆ!

ಈಗ ‘ನೀರು ದುರ್ಬಲಗೊಂಡಿದೆ’. ಇದು ತಪ್ಪು. ಶಾಲೆಯ ಪುಸ್ತಕದಲ್ಲಿ ‘ದುರ್ಬಲ ಆಮ್ಲ’ ಬೇರೆ, ‘ಸಾರರಿಕ್ತ ಆಮ್ಲ’ ಬೇರೆ. ವಿನೆಗರ್ ಎಷ್ಟು ಗಟ್ಟಿಯಾಗಿದ್ದರೂ ಅದರ ಆಮ್ಲ ದುರ್ಬಲವೇ, ಗಂಧಕಾಮ್ಲಕ್ಕೆ ಎಷ್ಟು ನೀರು ಬೆರೆಸಿದರೂ ಅದು ಪ್ರಬಲವೇ. ‘ಸಾರರಿಕ್ತ’ ಅರ್ಥದಲ್ಲಿ ಸರಿ, ಆದರೆ ಪಾಠದ ಕೋಣೆ ಬಿಟ್ಟು ಹೊರಗೆ ಬಂದ ಪದವಲ್ಲ. ಮನೆಯಲ್ಲಿ ಸಾರು ತೆಳ್ಳಗಾಯ್ತು, ಮಜ್ಜಿಗೆ ನೀರ್ನೀರಾಗಿದೆ ಅನ್ನುತ್ತೇವೆ. ‘ಉಪ್ಪುನೀರು ತೆಳುವಾಗಿದೆ’ ಅನ್ನಿ, ಪಕ್ಕದಲ್ಲೇ ಅಂಕಿ ಕೊಡಿ. ‘ಸವಳು ನೀರು’ ಎಂದೂ ಬರೆಯಬೇಡಿ. ಸವಳು, ಚೌಳು ಅಂದರೆ ಇಲ್ಲಿ ನಾಲೆಯ ಬಯಲಲ್ಲಿ ನೀರು ನಿಂತು ಕೆಟ್ಟ ಭೂಮಿ ನೆನಪಾಗುತ್ತದೆ. ಇದು ಸಮುದ್ರದ ನೀರಿಗಿಂತ ಹೆಚ್ಚು ಉಪ್ಪಾದ, ಆಳದ ಬಂಡೆಯೊಳಗಿನ ನೀರು.

ಅಂಕಿ ಏಕೆ ಬೇಕೆಂದರೆ, ಇಳುವರಿ ಇಳಿಯುವುದೂ ನೀರು ತೆಳುವಾಗುವುದೂ ಬೇರೆ ಬೇರೆ ರೋಗ. ಲೀಟರಿಗೆ 60 ಮಿಲಿಗ್ರಾಂ ಅಯೋಡಿನ್ ಇರುವ ನೀರು ಎಂದಿಟ್ಟುಕೊಳ್ಳಿ. ಎಣ್ಣೆಯವರ ಒಂದು ಬ್ಯಾರಲ್ ಅಂದರೆ 159 ಲೀಟರ್, ಅದರಲ್ಲಿ ಅಯೋಡಿನ್ ಒಂಬತ್ತೂವರೆ ಗ್ರಾಂ. ಶೇ 80 ಇಳುವರಿಯಲ್ಲಿ ದಿನಕ್ಕೆ 30,000 ಬ್ಯಾರಲ್ ಹರಿದರೆ ಸುಮಾರು 229 ಕಿಲೋ ಸಿಗುತ್ತದೆ. ನೀರು ಹಾಗೇ ಇದ್ದು ಇಳುವರಿ 70ಕ್ಕೆ ಬಂದರೆ 200 ಕಿಲೋ. ಇಳುವರಿ 80ರಲ್ಲೇ ನಿಂತು ನೀರು 45 ಮಿಲಿಗ್ರಾಂಗೆ ತೆಳುವಾದರೆ 172 ಕಿಲೋ. ಎರಡೂ ಆದರೆ 150.

ಇಳುವರಿಯ ತೊಂದರೆ ಸ್ಥಾವರದ ಒಳಗಿನದು, ಕೆಲಸಗಾರರು ಸರಿಪಡಿಸಬಹುದು. ಕೆಲಸದ ಕ್ರಮ ನೋಡಿದರೆ ಗೊತ್ತಾಗುತ್ತದೆ. ಮೊದಲು ನೀರಿನಿಂದ ಎಣ್ಣೆಯ ಅಂಶ ತೆಗೆಯಬೇಕು. ಆಮೇಲೆ ಆಮ್ಲ ಸೇರಿಸಿ ಕ್ಲೋರಿನ್ ಬಿಡುತ್ತಾರೆ. ನೀರಿನಲ್ಲಿ ಅಯೋಡೈಡ್ ಆಗಿ ಕರಗಿದ್ದದ್ದು ಆಗ ಅಯೋಡಿನ್ ಆಗುತ್ತದೆ. ಎತ್ತರದ ಗೋಪುರದಲ್ಲಿ ನೀರು ಮೇಲಿನಿಂದ ಸುರಿಯುವಾಗ ಕೆಳಗಿನಿಂದ ಗಾಳಿ ಊದಿ ಅಯೋಡಿನ್ ಆವಿಯನ್ನು ಎತ್ತಿಕೊಂಡು ಹೋಗುತ್ತಾರೆ. ಗಂಧಕದ ಡೈಆಕ್ಸೈಡ್ ಇರುವ ದ್ರಾವಣದಲ್ಲಿ ಅದನ್ನು ಹಿಡಿದು ಗಟ್ಟಿಮಾಡಿ, ಮತ್ತೆ ಕ್ಲೋರಿನ್ ಕೊಟ್ಟು ಅಯೋಡಿನ್ ಕೆಳಗಿಳಿಸಿ, 113.7 ಡಿಗ್ರಿಗಿಂತ ಮೇಲೆ ಕರಗಿಸಿ ಕಾಳು ಮಾಡುತ್ತಾರೆ. ಒಂದು ಕಿಲೋ ಅಯೋಡಿನ್ ಬಿಡಿಸಲು ಲೆಕ್ಕದ ಪ್ರಕಾರ ಸುಮಾರು 280 ಗ್ರಾಂ ಕ್ಲೋರಿನ್ ಬೇಕು. ಕಡಿಮೆಯಾದರೆ ಅಯೋಡೈಡ್ ನೀರಲ್ಲೇ ಉಳಿಯುತ್ತದೆ. ಹೆಚ್ಚಾದರೆ ಅಯೋಡಿನ್ ಕ್ಲೋರೈಡೋ ಅಯೋಡೇಟೋ ಆಗಿ, ಗಾಳಿಗೆ ಸಿಗದೆ ನೀರಿನ ಜೊತೆಗೇ ಹೊರಗೆ ಹೋಗುತ್ತದೆ. ನೀರಿನಲ್ಲಿ ಸಲ್ಫೈಡ್ ಇದ್ದರೆ ಕ್ಲೋರಿನ್ನನ್ನು ಅದೇ ಮೊದಲು ತಿನ್ನುತ್ತದೆ. ಚಳಿಗಾಲದಲ್ಲಿ ನೀರು ತಣ್ಣಗಾದರೆ ಆವಿ ಏಳುವುದೇ ಕಡಿಮೆ. ಇವೆಲ್ಲ ಕೈಗೆ ಸಿಗುವ ತಪ್ಪುಗಳು.

ನೀರು ತೆಳುವಾದದ್ದು ನೆಲದೊಳಗಿನ ವಿಷಯ, ಅದಕ್ಕೆ ಮದ್ದಿಲ್ಲ. ಮೂರನೆಯದೂ ಒಂದಿದೆ: ನೀರೇ ಬಾರದಿರುವುದು. ಬಾವಿ ಎಣ್ಣೆಯವರದು. 2014ರ ನಡುವೆ ಬ್ಯಾರಲಿಗೆ 100 ಡಾಲರ್ ಮೀರಿದ್ದ ಕಚ್ಚಾತೈಲ 2016ರ ಜನವರಿಗೆ 30ರ ಕೆಳಗೆ ಬಂತು. ಹಾಗಾದಾಗ ಎಣ್ಣೆಯವರು ಹೊಸ ಬಾವಿ ಕೊರೆಯುವುದಿಲ್ಲ, ನಷ್ಟದ ಬಾವಿ ಮುಚ್ಚುತ್ತಾರೆ. ಅಯೋಡಿನ್ ಸ್ಥಾವರ ಬಾಯಿಬಿಟ್ಟುಕೊಂಡು ಕೂರಬೇಕು. ಇದಕ್ಕೆ ‘ಹರಿವು ತಗ್ಗಿತು’ ಅನ್ನಿ. ಶಿವನಸಮುದ್ರದಲ್ಲಿ ‘ಸ್ಥಾಪಿತ ಸಾಮರ್ಥ್ಯ’ ಎಷ್ಟಿದ್ದರೂ ಕಾವೇರಿಯಲ್ಲಿ ನೀರಿದ್ದಷ್ಟೇ ವಿದ್ಯುತ್ ಎಂಬುದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಯೋಡಿನ್ ಸ್ಥಾವರ ಪೂರ್ತಿ ನಡೆದರೆ ಎಷ್ಟು ತೆಗೆಯಬಲ್ಲದು ಎಂಬುದಕ್ಕೆ ಇಂಗ್ಲಿಷಿನಲ್ಲಿ ಅನ್ನುವ ‘ನೇಮ್‌ಪ್ಲೇಟ್ ಕೆಪಾಸಿಟಿ’ಗೂ ಅದೇ ಪದ ಸಾಕು.

ಮೈಸೂರು ಕುವೆಂಪುನಗರದಿಂದ ಬಂದ ಉತ್ತರ

ಮಂಡ್ಯದ ಸರ್ ನೀರಿನ ಲೆಕ್ಕ ಬಿಡಿಸಿಟ್ಟಿದ್ದಾರೆ. ಷೇರಿನದು ನನಗಿರಲಿ. ‘ಷೇರು ತೆಳುವಾಯ್ತು’ ಎಂಬುದನ್ನು ನಾನು ಒಪ್ಪುವುದಿಲ್ಲ. ‘ಷೇರಿಗೆ ನೀರು ಬೆರೆಸಿದರು’ ಎಂಬುದನ್ನಂತೂ ಖಂಡಿತ ಬೇಡ ಅನ್ನುತ್ತೇನೆ. ಹಾಲಿಗೆ ನೀರು ಸೇರಿಸಿದರೆ ಡೇರಿಯಲ್ಲಿ ಫ್ಯಾಟ್ ಇಳಿಯುತ್ತದೆ, ಸೇರಿಸಿದ್ದಕ್ಕೆ ಏನೂ ಬೆಲೆಯಿಲ್ಲ. ಹೊಸ ಷೇರು ಕೊಳ್ಳುವವರು ಬರಿಗೈಲಿ ಬರುವುದಿಲ್ಲ, ದುಡ್ಡು ತರುತ್ತಾರೆ.

ಲೆಕ್ಕ ನೋಡಿ. ಕಂಪನಿಯ 10 ಕೋಟಿ ಷೇರುಗಳಿವೆ ಎಂದಿಟ್ಟುಕೊಳ್ಳಿ, ತಲಾ 20 ಪೆನ್ಸ್ (ನೂರು ಪೆನ್ಸ್ ಅಂದರೆ ಒಂದು ಪೌಂಡ್). ಪೇಟೆಯ ಲೆಕ್ಕದಲ್ಲಿ ಕಂಪನಿಯ ಬೆಲೆ 2 ಕೋಟಿ ಪೌಂಡ್. 2.5 ಕೋಟಿ ಹೊಸ ಷೇರುಗಳನ್ನು 16 ಪೆನ್ಸ್‌ಗೆ ಕೊಟ್ಟರೆ ಖರ್ಚು ಬಿಟ್ಟು ನೋಡಿದಾಗ ಬರುವುದು 40 ಲಕ್ಷ ಪೌಂಡ್. ಈಗ ಒಟ್ಟು 12.5 ಕೋಟಿ ಷೇರು, ಬೆಲೆ 2.4 ಕೋಟಿ ಪೌಂಡ್, ಅಂದರೆ ತಲಾ 19.2 ಪೆನ್ಸ್. ಮೊದಲು 10 ಲಕ್ಷ ಷೇರು ಇದ್ದವರ ಪಾಲು ಶೇ 1 ಇತ್ತು, ಈಗ 0.8. ಪಾಲು ಐದರಲ್ಲಿ ಒಂದಂಶ ಕುಗ್ಗಿದೆ, ಬೆಲೆ ಲೆಕ್ಕದ ಪ್ರಕಾರ ಇಳಿದದ್ದು ನೂರಕ್ಕೆ ನಾಲ್ಕು ಮಾತ್ರ. 20 ಪೆನ್ಸ್‌ಗೇ ಮಾರಿದ್ದರೆ ಪಾಲು ಅಷ್ಟೇ ಕುಗ್ಗುತ್ತಿತ್ತು, ಬೆಲೆ ಅಲ್ಲಾಡುತ್ತಿರಲಿಲ್ಲ. ವಾದ ಮಾಡಿದವರು ಈ ಎರಡನ್ನೂ ಒಂದು ಮಾಡಿಕೊಂಡು ‘ಶೇ 20 ಹೋಯ್ತು’ ಎಂದು ಕೂಗಾಡಿದ್ದಾರೆ. ಕನ್ನಡದಲ್ಲಿ ಪದ ಸರಿಯಾಗಿದ್ದರೆ ಆ ಗೊಂದಲಕ್ಕೆ ಜಾಗವೇ ಇರುವುದಿಲ್ಲ.

ಆದ್ದರಿಂದ ‘ಪಾಲು ಕುಗ್ಗಿತು’ ಅನ್ನಿ, ನಾಮಪದ ಬೇಕಾದರೆ ‘ಪಾಲುಕುಗ್ಗು’. ಪಾಲುಪಾರೀಕತ್ತು ಮಾಡಿಸಿದ ಮನೆಯವರಿಗೆ ಇದು ತಕ್ಷಣ ಹೊಳೆಯುತ್ತದೆ. ಎಕರೆಯನ್ನು ನಾಲ್ವರು ಹಂಚಿಕೊಂಡರೆ ತಲಾ 10 ಗುಂಟೆ, ಐವರಾದರೆ 8. ಐದನೆಯವರು ಬರುವಾಗ ತಮ್ಮ ಜಮೀನನ್ನೂ ತಂದು ಕೂಡಿಸಿದರೋ ಇಲ್ಲವೋ ಎಂಬುದು ಮುಂದಿನ ಪ್ರಶ್ನೆ. ಬಂದ ದುಡ್ಡು ಹೊಸ ಸ್ಥಾವರಕ್ಕೆ ಹೋದರೆ ಕುಗ್ಗಿದ ಪಾಲಿನಿಂದಲೇ ಹೆಚ್ಚು ಸಿಗಬಹುದು. ಹಳೆಯ ಸಾಲದ ಬಡ್ಡಿಗೆ ಹೋದರೆ ಪಾಲೂ ಹೋಯ್ತು, ದುಡ್ಡೂ ಹೋಯ್ತು. ಮುಂದೆ ಷೇರಾಗಿ ಬದಲಾಗಬಲ್ಲ ಸಾಲ, ಅಂದರೆ ಪರಿವರ್ತನೀಯ ಸಾಲಪತ್ರ ಇದ್ದರೆ ಅದು ಷೇರಾದ ದಿನ ಪಾಲು ಎಷ್ಟು ಕುಗ್ಗುತ್ತದೆ ಎಂಬುದನ್ನು ಟಿಪ್ಪಣಿಯಲ್ಲಿ ಮೊದಲೇ ಬರೆದಿಡಬೇಕು.

‘ಪ್ಲೇಸಿಂಗ್’ಗೆ ‘ಆದ್ಯತಾ ಹಂಚಿಕೆ’ ಬೇಡ, ಓದುಗರು ‘ಆದ್ಯತಾ ಷೇರು’ (ಲಾಭಾಂಶದಲ್ಲಿ ಮೊದಲ ಹಕ್ಕಿರುವ ಬೇರೆ ಬಗೆಯ ಷೇರು) ಎಂದು ತಿಳಿಯುತ್ತಾರೆ. ‘ಆಯ್ದವರಿಗೆ ಹಂಚಿಕೆ’ ಅಂದರೆ ನಡೆದದ್ದು ನಡೆದ ಹಾಗೇ ಬರುತ್ತದೆ. ಹಳಬರಿಗೇ ಮೊದಲು ಕೊಡುವುದಾದರೆ ‘ಹಕ್ಕಿನ ಷೇರು’ ಈಗಾಗಲೇ ಚಲಾವಣೆಯಲ್ಲಿದೆ.

ಇನ್ನು ಕುಸಿತ. ಗೋಡೆ ಕುಸಿಯುತ್ತದೆ, ಏರಿ ಕುಸಿಯುತ್ತದೆ. ಕುಸಿದದ್ದು ತಾನಾಗಿ ಮೇಲೇಳುವುದಿಲ್ಲ. ಕೆಆರ್‌ಎಸ್‌ನಲ್ಲಿ 124.80 ಅಡಿಯಿಂದ ನೀರು ದಿನಾ ಅಷ್ಟಷ್ಟು ಕಡಿಮೆಯಾದರೆ ಅದು ಇಳಿಕೆ, ಮಳೆ ಬಂದರೆ ಏರುತ್ತದೆ. ದಿನಕ್ಕೆ ಶೇ 2 ಕಡಿಮೆಯಾದ ಷೇರಿಗೆ ‘ಕುಸಿತ’ ಎಂದು ಶೀರ್ಷಿಕೆ ಕೊಡುವುದು ಪದಕ್ಕೂ ಅನ್ಯಾಯ, ಓದುಗರಿಗೂ ಅನ್ಯಾಯ. ಯಾವ ಸುದ್ದಿಯೂ ಇಲ್ಲದೆ, ಕೊಳ್ಳುವವರಿಲ್ಲದೆ ತಿಂಗಳುಗಟ್ಟಲೆ ಕೆಳಗೆ ಬರುವುದಕ್ಕೆ ‘ಜಾರಿಕೆ’ ಚೆನ್ನಾಗಿದೆ. ಒಂದು ಪ್ರಕಟಣೆಗೆ ಬೆಲೆ ಅರ್ಧವಾದರೆ ಕುಸಿತ ಅನ್ನಿ. 60 ಪೆನ್ಸ್‌ನಿಂದ 15ಕ್ಕೆ ಬಂದದ್ದು ಶೇ 75 ಇಳಿಕೆ, ಆದರೆ ಮೊದಲಿದ್ದಲ್ಲಿಗೆ ಮುಟ್ಟಲು ಶೇ 300 ಏರಬೇಕು. ‘ಚೇತರಿಕೆ’ ಎಂದು ಬರೆಯುವ ಪ್ರತಿ ಜಾಗದಲ್ಲೂ ಎಲ್ಲಿಂದ ಎಲ್ಲಿಗೆ ಎಂದು ಹೇಳಿಬಿಡಿ.

‘ಆವರೇಜ್ ಮಾಡುವುದು’ ಎಂಬುದನ್ನು ‘ಸರಾಸರಿ ಇಳಿಸಿಕೊಳ್ಳುವುದು’ ಎಂದರೆ ಸರಿ. ಇಳಿಯುವುದು ಕೊಂಡ ಬೆಲೆಯ ಸರಾಸರಿ, ನಷ್ಟವಲ್ಲ. 40 ಪೆನ್ಸ್‌ಗೆ ಸಾವಿರ ಕೊಂಡು, 20ಕ್ಕೆ ಇಳಿದಾಗ ಇನ್ನೊಂದು ಸಾವಿರ ಕೊಂಡರೆ ಸರಾಸರಿ 30. ನಷ್ಟ 200 ಪೌಂಡ್ ಇದ್ದದ್ದು 200 ಪೌಂಡೇ. ಮುಂದೆ ಒಂದು ಪೆನ್ನಿ ಇಳಿದರೆ ಮೊದಲು 10 ಪೌಂಡ್ ಹೋಗುತ್ತಿತ್ತು, ಈಗ 20.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆಗಳು. ಪ್ಯಾರಾವನ್ನು ಹೀಗೆ ತಿದ್ದಿದ್ದೇನೆ:

“ಬಾವಿಗಳಿಂದ ಬರುವ ಉಪ್ಪುನೀರು ತೆಳುವಾಗಿದೆ. ಅದರಲ್ಲಿರುವ ಅಯೋಡಿನ್ನಿನ ಇಳುವರಿಯೂ ಶೇ 80ರಿಂದ 70ಕ್ಕೆ ಬಂದಿದೆ. ಕಂಪನಿ ಮತ್ತೆ ಆಯ್ದವರಿಗೆ ಷೇರು ಹಂಚಿದರೆ ಈಗಿರುವವರ ಪಾಲು ಇನ್ನಷ್ಟು ಕುಗ್ಗುತ್ತದೆ. ಆದರೂ ವರ್ಷಾಂತ್ಯಕ್ಕೆ ಬೆಲೆ ಚೇತರಿಸಿಕೊಳ್ಳುವುದು ಖಚಿತ.”

ಕೊನೆಯ ವಾಕ್ಯ ಈಗ ಒಂಟಿಯಾಗಿ ನಿಂತಿದೆ. ಹಿಂದಿನ ಮೂರರಲ್ಲಿ ಅದಕ್ಕೆ ಆಧಾರವಿಲ್ಲ ಎಂಬುದು ಕನ್ನಡದಲ್ಲಿ ಕಣ್ಣಿಗೆ ಬೀಳುತ್ತದೆ. ಮೂಲದಲ್ಲಿ ಹಾಗೇ ಇರುವುದರಿಂದ ಬದಲಾಯಿಸುವುದಿಲ್ಲ.

ಉಪ್ಪಿನ ಬಗ್ಗೆಯೂ ಒಂದು ಸಾಲು ತೆಗೆದೆ. ‘ಅಯೋಡಿನ್‌ಯುಕ್ತ ಉಪ್ಪಿನ ಬೇಡಿಕೆ ಬೆಲೆಯನ್ನು ಎತ್ತುತ್ತದೆ’ ಎಂದಿತ್ತು. ಉಪ್ಪಿನಲ್ಲಿ 30 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 30 ಪಾಲು) ಅಯೋಡಿನ್ ಇದ್ದರೂ ಒಂದು ಟನ್ ಉಪ್ಪಿಗೆ ಬೇಕಾದದ್ದು 30 ಗ್ರಾಂ. ಅದನ್ನು ಪೊಟ್ಯಾಸಿಯಂ ಅಯೋಡೇಟ್ ರೂಪದಲ್ಲಿ ಕೊಟ್ಟರೆ ಸುಮಾರು 51 ಗ್ರಾಂ. ಇಷ್ಟರಿಂದ ಬೆಲೆ ಏರುವುದಿಲ್ಲ. ಅಯೋಡಿನ್ ಹೆಚ್ಚು ಹೋಗುವುದು ಎಕ್ಸ್‌ರೇ, ಸಿಟಿ ಸ್ಕ್ಯಾನಿಗೆ ಮುನ್ನ ರಕ್ತನಾಳಕ್ಕೆ ಚುಚ್ಚುವ ಕಾಂಟ್ರಾಸ್ಟ್ ಮದ್ದಿಗೆ. ಬೆಲೆ ನಿಲ್ಲುವುದು ಅರ್ಧಕ್ಕಿಂತ ಹೆಚ್ಚು ಅಯೋಡಿನ್ ತೆಗೆಯುವ ಚಿಲಿ ಎಷ್ಟು ಹೊರಗೆ ಬಿಡುತ್ತದೆ ಎಂಬುದರ ಮೇಲೆ.

ಒಂದು ಪದ ಮಾತ್ರ ಉಳಿದಿದೆ. ಕರಗಿದ ಅಯೋಡಿನ್ ಹನಿಹನಿಯಾಗಿ ಬಿದ್ದು ಗಟ್ಟಿಯಾದಾಗ ಸಾಸಿವೆಯಷ್ಟು ದಪ್ಪದ, ಕಪ್ಪು ಬೂದುಬಣ್ಣದ, ಲೋಹದಂತೆ ಮಿನುಗುವ ಉಂಡೆಗಳಾಗುತ್ತದೆ. ಡಬ್ಬಿ ತೆರೆದರೆ ನೇರಳೆ ಆವಿ. ಮಂಡ್ಯದ ಸರ್ ಇದನ್ನು ‘ಕಾಳು’ ಅಂದಿದ್ದಾರೆ. ನನಗೂ ಅದೇ ಹಿಡಿಸಿತು. ಆದರೆ ಅದೇ ಸರಕಿನ ಪಟ್ಟಿಯಲ್ಲಿ ಚಪ್ಪಟೆಯಾದದ್ದೂ ಇದೆ, ಅದಕ್ಕೆ ‘ಚಕ್ಕೆ’ ಸರಿಯೋ ‘ಹಳಕು’ ಸರಿಯೋ?

ಮಂಡ್ಯದಿಂದ

ಚಕ್ಕೆ ಅನ್ನಿ ಮೇಡಂ. ಹಳಕು ಅಂದರೆ ಗಾತ್ರ ಗೊತ್ತಾಗುವುದಿಲ್ಲ.