ಅಕ್ಕಾ, ಎಣ್ಣೆ ತಿಕ್ಕಿಸಬೇಡ, ಮೊದಲು ಡಾಕ್ಟರಿಗೆ ತೋರಿಸು

ಅಕ್ಕಾ, ನೀನು ರಾತ್ರಿ ಗ್ರೂಪಿನಲ್ಲಿ ಹಾಕಿದ್ದನ್ನು ಈಗ ಕೇಳಿದೆ. ಭುಜದ ಕೀಲು ಬದಲಿಸಿ ಮೂರು ತಿಂಗಳಾಯಿತು, ಇನ್ನೂ ನೋವಿದೆ, ಬಟ್ಟೆ ಒಣಹಾಕಲು ಕೈ ಏಳುವುದಿಲ್ಲ, ಆಪರೇಷನ್ ಕೆಟ್ಟಿತೇನೋ ಅಂದಿದ್ದೀಯ. ಅದರ ಕೆಳಗೇ ಮಾವ, ಗದಗಿನ ಹತ್ತಿರ ಎಣ್ಣೆ ಹಚ್ಚಿ ತಿಕ್ಕುವವರಿದ್ದಾರೆ, ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ಮಾವಾ, ನಿಮ್ಮ ಕಾಳಜಿ ನನಗೆ ಗೊತ್ತು. ಆದರೆ ಕೈಮುಗಿದು ಕೇಳುತ್ತೇನೆ, ಅದೊಂದು ಬೇಡ. ತೋಳನ್ನು ಹಿಂದಕ್ಕೆಳೆದು ತಿರುವಿದರೆ ಹೊಸ ಕೀಲು ಜಾಗ ಬಿಟ್ಟು ಜಾರಬಹುದು.

ನಿನಗೂ ನನಗೂ ಮಾಡಿದ್ದು ರಿವರ್ಸ್ ಅನ್ನುವ ಆಪರೇಷನ್. ಹುಟ್ಟಿನಿಂದ ಗುಂಡು ತೋಳಿನ ಎಲುಬಿನ ತುದಿಗೆ, ಬಟ್ಟಲು ಹೆಗಲಿನ ಕಡೆಗೆ ಇರುತ್ತದೆ. ಇದರಲ್ಲಿ ಅದಲುಬದಲು. ಫ್ರಾನ್ಸಿನ ಪಾಲ್ ಗ್ರಾಮೋಂ 1985ರಲ್ಲಿ ರೂಪಿಸಿದ ರೀತಿ ಇದು. ಕೀಲಿನ ಸುತ್ತ ಇರುವ ಸಣ್ಣ ಸ್ನಾಯುಗಳು ಹರಿದುಹೋದವರಿಗೆ ಹೊರಗಿನ ದೊಡ್ಡ ಸ್ನಾಯುವೇ ಕೈ ಎತ್ತಬೇಕು, ಡೆಲ್ಟಾಯ್ಡ್ ಅಂತಾರಲ್ಲ, ಅದು. ಎಲ್ಲರ ಕೆಲಸವೂ ಅದೊಂದರ ಮೇಲೇ ಬಿದ್ದಿದೆ. ಮೂರು ತಿಂಗಳಿಗೆ ಅದು ಪೂರ್ತಿ ಬಲ ಕಟ್ಟುವುದಿಲ್ಲ ಅಕ್ಕಾ. ವರ್ಷದವರೆಗೂ ಸುಧಾರಿಸುತ್ತಾ ಹೋಗುತ್ತದೆ. ಹಾಗಾಗಿ ಕೈ ಏಳುತ್ತಿಲ್ಲ ಅಂದ ಮಾತ್ರಕ್ಕೆ ಕೆಟ್ಟಿತು ಅನ್ನಬೇಡ.

ನನಗಂತೂ ತೋಳಿನ ಹೊರಬದಿಯಲ್ಲಿ ಅಂಗೈಯಷ್ಟು ಜಾಗ ಜೋಮು ಹಿಡಿದಂತೆ ಇದೆ. ಸ್ನಾನಕ್ಕೆ ಬಿಸಿನೀರು ಸುರಿದರೆ ಪಕ್ಕದ ಚರ್ಮಕ್ಕೆ ಚುರುಕ್ ಅನ್ನುತ್ತದೆ, ಅಲ್ಲಿ ಮಾತ್ರ ಬಟ್ಟೆಯ ಮೇಲೆ ಬಿದ್ದ ಹಾಗೆ. ಆ ಭಾಗಕ್ಕೆ ಹೋಗುವ ನರ ಆಪರೇಷನ್ನಿನಲ್ಲಿ ಎಳೆದಂತಾಗಿದೆಯಂತೆ. ಪೆಟ್ಟಾದ ನರ ಮತ್ತೆ ಬೆಳೆದರೆ ದಿನಕ್ಕೆ ಸುಮಾರು 1 ಮಿಲಿಮೀಟರ್. ಗೇಣುದ್ದ ಬೆಳೆಯಲು ತಿಂಗಳುಗಟ್ಟಲೆ ಬೇಕು ಅಲ್ವಾ? ಅಂಚಿನಲ್ಲಿ ಈಗ ಸ್ವಲ್ಪ ಸ್ವಲ್ಪ ತಿಳಿಯುತ್ತಿದೆ. ಬೆನ್ನ ಹಿಂದೆ ಮಾತ್ರ ಕೈ ಹೋಗುವುದಿಲ್ಲ. ಹುಕ್ಕು ಮುಂದಿರುವ ರವಿಕೆಯನ್ನೇ ಹೊಲಿಸಿಕೊಂಡಿದ್ದೇನೆ. ತೊಡುವಾಗ ಆಪರೇಷನ್ ಆದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಚಿಗರಿ ಬಸ್ಸಿನಲ್ಲಿ ಮೇಲಿನ ಹಿಡಿಕೆ ಇನ್ನೊಂದು ಕೈಯಿಂದಲೇ ಹಿಡಿಯುತ್ತೇನೆ, ಸೀಟಿಲ್ಲದಿದ್ದರೆ ಕೇಳಲು ನಾಚಿಕೆ ಪಡುವುದಿಲ್ಲ.

ನೀನು ನೆಲಕ್ಕೆ ಕೂತು ಊಟ ಮಾಡುತ್ತೀಯಲ್ಲ, ಅದನ್ನು ಸದ್ಯ ಬಿಡು. ಏಳುವಾಗ ಗೊತ್ತಿಲ್ಲದೇ ಆ ಕೈ ಹಿಂದೆ ಊರಿಬಿಡುತ್ತೇವೆ. ಕೀಲು ಜಾರಲು ಅಷ್ಟು ಸಾಕು. ಮಲಗುವಾಗ ಮೊಣಕೈ ಕೆಳಗೆ ದಿಂಬು ಇಡು. ಅಂಗಾತ ಮಲಗಿದರೆ ನಿನ್ನ ಮೊಣಕೈ ನಿನ್ನ ಕಣ್ಣಿಗೆ ಕಾಣುವಂತಿರಬೇಕು.

ಈಗ ಸರಿಯಾಗಿ ನೋಡಿ ಹೇಳು. ನೋವು ಎಲ್ಲಿ? ವ್ಯಾಯಾಮ ಮಾಡಿದ ಮೇಲೆ ತೋಳಿನಲ್ಲಿ ಬಂದು, ರಾತ್ರಿ ಕಳೆದರೆ ಇಳಿಯುತ್ತದೆಯಾ? ಅದಾದರೆ ನಾನು ಅಷ್ಟು ಹೆದರುವುದಿಲ್ಲ. ಹೆಗಲಿನ ನೆತ್ತಿಯ ಎಲುಬನ್ನು ಬೆರಳಿನಿಂದ ಒತ್ತಿದರೆ ಚುಚ್ಚುತ್ತದೆಯಾ? ಮೊದಲು ಏಳುತ್ತಿದ್ದ ಕೈ ಒಮ್ಮೆಲೇ ನಿಂತಿತಾ? ಹಾಗಿದ್ದರೆ ಅಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಕಾಣುವುದಿಲ್ಲ, ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ಸೋಂಕಿನದು. ಭುಜದಲ್ಲಿ ಅದು ಕಳ್ಳನ ಹಾಗೆ ಬರುತ್ತದೆ. ನಮ್ಮ ಚರ್ಮದಲ್ಲೇ ಇರುವ ಒಂದು ಬ್ಯಾಕ್ಟೀರಿಯಾ, ಬಹಳ ನಿಧಾನ. ಎಷ್ಟೋ ಸಲ ಜ್ವರ ಇರುವುದಿಲ್ಲ, ಕೆಂಪಾಗುವುದಿಲ್ಲ, ರಕ್ತಪರೀಕ್ಷೆಯೂ ಸರಿಯಿದೆ ಅನ್ನಬಹುದು. ಸುಮ್ನೆ ನೋವು, ಬಿಗಿತ, ದಿನ ಹೋದಂತೆ ಜಾಸ್ತಿ. ಕೀಲಿನೊಳಗಿನ ನೀರು ತೆಗೆದು ಲ್ಯಾಬಿನಲ್ಲಿ ಎರಡು ವಾರ ಇಟ್ಟು ನೋಡಿದರೇ ಅದು ಸಿಗುವುದು. ಅದಕ್ಕೇ ಮೆಡಿಕಲ್ ಶಾಪಿನಿಂದ ನೀನೇ ಆ್ಯಂಟಿಬಯೋಟಿಕ್ ತಂದು ನುಂಗಬೇಡ, ಪರೀಕ್ಷೆಯಲ್ಲಿ ಅದು ಅಡಗಿಬಿಡಬಹುದು. ಗಾಯದಲ್ಲಿ ಒಂದು ಹನಿ ಒಸರಿದರೂ ಅವತ್ತೇ ಡಾಕ್ಟರ ಹತ್ತಿರ ಹೋಗು.

ನಾಳೆ ಬೆಳಗ್ಗೆ ನಿನಗೆ ಆಪರೇಷನ್ ಮಾಡಿದವರಿಗೇ ಫೋನ್ ಹಚ್ಚು. ಡಿಸ್ಚಾರ್ಜ್ ಕಾಗದ, ಹಳೆಯ ಎಕ್ಸ್‌ರೇ, ಕೀಲಿನ ವಿವರ ಇರುವ ಕಾರ್ಡು, ಮೂರೂ ಒಂದೇ ಚೀಲದಲ್ಲಿ ಹಾಕಿಡು. ಹುಬ್ಬಳ್ಳಿಗೆ ಬರಹೇಳಿದರೆ ಗದಗಿನಿಂದ ಟ್ರೇನಿಗೆ ಬಾ, ಮಾವನೂ ಜೊತೆಗೆ ಬರಲಿ. ನಾನು ಧಾರವಾಡದಿಂದ ಬಂದು ಸ್ಟೇಷನ್ನಿನಲ್ಲಿ ನಿಂತಿರುತ್ತೇನೆ, ಡಾಕ್ಟರ ಹತ್ತಿರ ಮೂವರೂ ಹೋಗೋಣ. ಚೀಲ ಮಾವನ ಕೈಗೆ ಕೊಡು.